ನ್ಯಾಯಾಲಯದ ಮೆಟ್ಟಿಲ ಮೇಲಿನ ಮಾತು

(ಯಲಹಂಕದಲ್ಲಿ ಕಾನೂನು ಮತ್ತು ಕೃಷಿ ವಿದ್ಯಾರ್ಥಿಗಳು ಹಾಗೂ ಮಲೆನಾಡಿನ ಗ್ರಾಮಸ್ಥರು ಒಟ್ಟಾಗಿ ಸೇರಿದ್ದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಸುಕಿನಲ್ಲಿ ಯಶವಂತಪುರದಲ್ಲಿ ಇಳಿದು, ಹೆಬ್ಬಾಳದ ಕೆರೆಯ ಪಕ್ಕದಿಂದ ಹಾದು ನೀವೆಲ್ಲ ಇಲ್ಲಿಗೆ ಬಂದಿದ್ದೀರಿ. ಇಂದಿನ ವಿಷಯ, ಪರಿಸರದ ವ್ಯಾಜ್ಯಗಳಲ್ಲಿ ವಕೀಲರು ಮಾಧ್ಯಮದವರೊಡನೆ ಹೇಗೆ ವ್ಯವಹರಿಸಬೇಕು ಎಂಬುದು. ಮಣ್ಣಿನ ವಿಜ್ಞಾನ ಓದಿದ ನನಗೆ ವಕೀಲರಿಗೆ ಉಪದೇಶ ಮಾಡುವ ಅಧಿಕಾರವಿಲ್ಲ. ಆದರೂ ಸಂಘಟಕರು ಕೇಳಿದಾಗ ಒಪ್ಪಿಕೊಂಡೆ. ಅದಕ್ಕೆ ಕಾರಣ ಒಂದು ತಪ್ಪು. ಆ ತಪ್ಪು ನನ್ನದೇ. ಅದನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಹಳ್ಳದ ನೆತ್ತಿಯಲ್ಲಿ ಕಲ್ಲುಕ್ವಾರಿ ಆರಂಭವಾಯಿತು. ಮಳೆ ಬಿದ್ದಾಗಲೆಲ್ಲ ಕ್ವಾರಿಯ ಪುಡಿ ಹಳ್ಳಕ್ಕಿಳಿದು, ಕೆಳಗಿನ ಅಡಿಕೆ ತೋಟಗಳ ಬಸಿಗಾಲುವೆಗಳು ತುಂಬಿಹೋಗತೊಡಗಿದವು. ತೋಟದವರು ಉಚ್ಚ ನ್ಯಾಯಾಲಯಕ್ಕೆ ಹೋದರು. ಹೂಳಿನ ಪ್ರಮಾಣವನ್ನು ಅಳೆದು ವರದಿ ಕೊಡಬೇಕೆಂದು ಅವರ ವಕೀಲರು ನನ್ನನ್ನು ಕೇಳಿದರು. ಮೂರು ಹಂಗಾಮುಗಳಲ್ಲಿ, ಹಲವು ಸ್ಥಳಗಳಲ್ಲಿ ಮಾದರಿ ತೆಗೆಯುವುದೆಂದು ನಿಶ್ಚಯಿಸಿದೆವು. ಮೊದಲ ಸುತ್ತಿನ ಕೆಲಸ ಮುಗಿದ ಸಂಜೆ ಒಬ್ಬ ವರದಿಗಾರರು ದೂರವಾಣಿ ಮಾಡಿದರು. ಸಜ್ಜನರು, ನಮ್ಮ ಪರವಾಗಿಯೇ ಬರೆಯುವವರು. ಅತಿ ಹೆಚ್ಚು ಹೂಳು ತುಂಬಿದ್ದ ಒಂದು ಕಾಲುವೆಯ ಅಂಕಿಯನ್ನು ನಾನು ಉತ್ಸಾಹದಿಂದ ಹೇಳಿಬಿಟ್ಟೆ. ಮರುದಿನ ಆ ಅಂಕಿ ಇಡೀ ಊರಿನ ಅಂಕಿಯಾಗಿ ಅಚ್ಚಾಯಿತು.

ಒಂದು ವರ್ಷದ ನಂತರ ನನ್ನ ಪೂರ್ಣ ವರದಿ ಸಿದ್ಧವಾಯಿತು. ಅದರಲ್ಲಿದ್ದ ಸರಾಸರಿ ಆ ಮೊದಲ ಅಂಕಿಯ ಅರ್ಧಕ್ಕಿಂತ ಕಡಿಮೆ. ಹಾನಿ ಇತ್ತು, ತೋಟಗಳು ಸಾಯುತ್ತಿದ್ದವು, ವರದಿಯಲ್ಲಿ ಸುಳ್ಳಿರಲಿಲ್ಲ. ಆದರೆ ಎದುರು ಪಕ್ಷದವರು ತಮ್ಮ ಆಕ್ಷೇಪಣೆಯೊಂದಿಗೆ ಹಳೆಯ ಪತ್ರಿಕೆಯ ತುಣುಕನ್ನು ಲಗತ್ತಿಸಿ, ಈ ತಜ್ಞರು ಪತ್ರಿಕೆಗೆ ಒಂದು ಹೇಳುತ್ತಾರೆ, ನ್ಯಾಯಾಲಯಕ್ಕೆ ಇನ್ನೊಂದು ಹೇಳುತ್ತಾರೆ ಎಂದರು. ಬೇರೊಬ್ಬರಿಂದ ಸ್ಥಳಪರಿಶೀಲನೆ ಆಗಬೇಕಾಯಿತು. ಅಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಇನ್ನೆರಡು ತೋಟಗಳ ಕಾಲುವೆಗಳು ಮುಚ್ಚಿದವು. ಆ ತೋಟದ ಹಿರಿಯರೊಬ್ಬರು, "ತಮ್ಮಾ, ನೀನು ನಮ್ಮ ಒಳ್ಳೆಯದಕ್ಕೇ ಹೇಳಿದ್ದು, ಗೊತ್ತಿದೆ" ಎಂದು ಮಾತ್ರ ಹೇಳಿ ಎದ್ದು ಹೋದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನಮ್ಮ ವಕೀಲರು ಅನಂತರ ಹೇಳಿದ ಮಾತು ಈ ಭಾಷಣದ ಬೀಜ: "ಡಾಕ್ಟರೇ, ತಪ್ಪು ನಿಮ್ಮದೊಂದೇ ಅಲ್ಲ. ಪತ್ರಿಕೆಯವರು ಕೇಳಿದರೆ ಏನು ಮಾಡಬೇಕೆಂದು ನಾನು ನಿಮಗೆ ಹೇಳಿಯೇ ಇರಲಿಲ್ಲ." ವಕೀಲರ ಮಾಧ್ಯಮ ನಿರ್ವಹಣೆ ಎಂದರೆ ತಮ್ಮ ನಾಲಿಗೆಯನ್ನು ಕಾಯುವುದಷ್ಟೇ ಅಲ್ಲ, ಕಕ್ಷಿದಾರರನ್ನೂ ಸಾಕ್ಷಿದಾರರನ್ನೂ ತಜ್ಞರನ್ನೂ ಆ ಪ್ರಶ್ನೆಗೆ ಸಿದ್ಧಗೊಳಿಸುವುದು ಎಂದು ಅಂದು ನನಗೆ ತಿಳಿಯಿತು.

ನಿಯಮ ಏನು ಹೇಳುತ್ತದೆ?

ಭಾರತೀಯ ವಕೀಲರ ಪರಿಷತ್ತು 1961ರ ವಕೀಲರ ಅಧಿನಿಯಮದ ಅಡಿಯಲ್ಲಿ ನಡತೆಯ ನಿಯಮಗಳನ್ನು ರಚಿಸಿದೆ. ಅವುಗಳಲ್ಲಿ 36ನೆಯ ನಿಯಮ ನಮಗೆ ಮುಖ್ಯ. ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಕೋರುವಂತಿಲ್ಲ, ಜಾಹೀರಾತು ನೀಡುವಂತಿಲ್ಲ ಎಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ತಾವು ನಡೆಸುತ್ತಿರುವ ಅಥವಾ ತಮಗೆ ಸಂಬಂಧಿಸಿದ ಪ್ರಕರಣಗಳ ಕುರಿತು ಪತ್ರಿಕೆಗಳಲ್ಲಿ ಟಿಪ್ಪಣಿಗಳನ್ನು ಒದಗಿಸುವುದು, ಬರೆಯಿಸುವುದು, ತಮ್ಮ ಭಾವಚಿತ್ರ ಪ್ರಕಟವಾಗುವಂತೆ ನೋಡಿಕೊಳ್ಳುವುದು ಇವೆಲ್ಲವನ್ನೂ ಅದೇ ನಿಯಮ ಜಾಹೀರಾತಿನ ಸಾಲಿಗೆ ಸೇರಿಸುತ್ತದೆ. 2008ರಲ್ಲಿ ಸಡಿಲಿಕೆ ತಂದು, ಹೆಸರು, ವಿಳಾಸ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ ಮುಂತಾದ ಮಿತ ವಿವರಗಳನ್ನು ಅಂತರಜಾಲದಲ್ಲಿ ಹಾಕಲು ಅವಕಾಶ ನೀಡಲಾಯಿತು. ನಿಯಮ ಮುರಿದವರಿಗೆ ಛೀಮಾರಿಯಿಂದ ಹಿಡಿದು ವಕೀಲರ ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆ ಸಾಧ್ಯ.

ಎರಡನೆಯದು ಗುಟ್ಟು ಕಾಯುವ ಹೊಣೆ. ಕಕ್ಷಿದಾರ ತನ್ನ ವಕೀಲರಿಗೆ ಹೇಳಿದ್ದನ್ನು, ಆತನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮಿನಲ್ಲಿದ್ದ ಈ ಕಟ್ಟಳೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ಗ್ರಾಮಸ್ಥರು ಇದನ್ನು ಚೆನ್ನಾಗಿ ನೆನಪಿಡಬೇಕು. ಈ ರಕ್ಷಣೆ ವಕೀಲರ ಸೊತ್ತಲ್ಲ, ನಿಮ್ಮ ಸೊತ್ತು. ನಿಮ್ಮ ಜಮೀನಿನ ದಾಖಲೆಯಲ್ಲಿ ಒಂದು ಕೊರತೆ ಇರಬಹುದು. ಸೊಪ್ಪಿನ ಬೆಟ್ಟದಲ್ಲಿ ನಿಮ್ಮದೇ ಒಂದು ಒತ್ತುವರಿ ಇರಬಹುದು. ಅದನ್ನು ವಕೀಲರಿಗೆ ಮುಚ್ಚಿಡದೆ ಹೇಳಬೇಕು. ಅವರು ಅದನ್ನು ಪತ್ರಕರ್ತರ ಮುಂದೆ ಬಿಚ್ಚಿಡಬಾರದು. ಈ ಎರಡು ವಿಶ್ವಾಸಗಳ ಮೇಲೆಯೇ ವ್ಯಾಜ್ಯ ನಿಲ್ಲುತ್ತದೆ.

ಮೂರನೆಯದು 1971ರ ನ್ಯಾಯಾಂಗ ನಿಂದನೆ ಅಧಿನಿಯಮ. ನ್ಯಾಯದಾನಕ್ಕೆ ಅಡ್ಡಿಯಾಗುವ, ವಿಚಾರಣೆಯ ಮೇಲೆ ಪೂರ್ವಗ್ರಹದ ನೆರಳು ಬೀಳಿಸುವ ಪ್ರಕಟಣೆಗಳನ್ನು ಅದು ಶಿಕ್ಷಿಸುತ್ತದೆ. ಆದರೆ ಅದೇ ಕಾನೂನಿನ 4ನೆಯ ಕಲಂ ನ್ಯಾಯಾಲಯದ ಕಲಾಪದ ನ್ಯಾಯಯುತವಾದ, ನಿಖರವಾದ ವರದಿಗೆ ರಕ್ಷಣೆ ಕೊಡುತ್ತದೆ. 5ನೆಯ ಕಲಂ, ತೀರ್ಮಾನವಾದ ಪ್ರಕರಣದ ಗುಣದೋಷಗಳ ನ್ಯಾಯಯುತ ವಿಮರ್ಶೆಗೆ ಅವಕಾಶ ಕೊಡುತ್ತದೆ. 2006ರ ತಿದ್ದುಪಡಿಯು, ಸಾರ್ವಜನಿಕ ಹಿತಕ್ಕಾಗಿ ಸದುದ್ದೇಶದಿಂದ ಆಡಿದ ಸತ್ಯವನ್ನು ಪ್ರತಿವಾದವಾಗಿ ಸ್ವೀಕರಿಸಲು ನ್ಯಾಯಾಲಯಕ್ಕೆ ಅನುವು ಮಾಡಿಕೊಟ್ಟಿತು. 2012ರಲ್ಲಿ ಸಹಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಚಾರಣೆಗೆ ನಿಜವಾದ ಅಪಾಯವಿದ್ದರೆ ವರದಿಯನ್ನು ಸ್ವಲ್ಪ ಕಾಲ ಮುಂದೂಡುವಂತೆ ನ್ಯಾಯಾಲಯಗಳು ಆದೇಶಿಸಬಹುದು ಎಂದಿತು.

ಹಾಗಾದರೆ ವಕೀಲರು ಬಾಯಿಯನ್ನೇ ತೆರೆಯಬಾರದೆ? ಹಾಗೆ ಅರ್ಥ ಮಾಡುವುದು ಸರಿಯಲ್ಲ. ಅರ್ಜಿಯಲ್ಲಿ ಏನು ಕೇಳಲಾಗಿದೆ, ಮುಂದಿನ ದಿನಾಂಕ ಯಾವುದು, ನ್ಯಾಯಾಲಯ ಹೊರಡಿಸಿದ ಆದೇಶದಲ್ಲಿ ಏನಿದೆ ಎಂಬುದು ತೆರೆದ ನ್ಯಾಯಾಲಯದ ದಾಖಲೆ. ಅದನ್ನು ಸರಿಯಾಗಿ ತಿಳಿಸುವುದು ಸ್ವಂತದ ಪ್ರಚಾರವಲ್ಲ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳಲ್ಲಿ 3.6 ಎಂಬುದೊಂದಿದೆ. ವಿಚಾರಣೆಗೆ ಗಣನೀಯ ಹಾನಿ ಮಾಡುವ ಸಂಭವವಿರುವ ಮಾತನ್ನು ಅದು ತಡೆಯುತ್ತದೆ. ಸಾರ್ವಜನಿಕ ದಾಖಲೆಯಲ್ಲಿರುವುದನ್ನು, ವಿಚಾರಣೆಯ ವೇಳೆಯನ್ನು, ಫಲಿತಾಂಶವನ್ನು ಹೇಳಲು ಬಿಡುತ್ತದೆ. ಅಲ್ಲಿ ಸಾಮಾನ್ಯ ಜನರ ಜ್ಯೂರಿ ಇರುವುದರಿಂದ ಆ ಎಚ್ಚರ. ನಮ್ಮಲ್ಲಿ ಜ್ಯೂರಿ ಇಲ್ಲವಾದರೂ ಗೆರೆ ಬಹುಮಟ್ಟಿಗೆ ಅಲ್ಲಿಯೇ ಬೀಳುತ್ತದೆ. ದಾಖಲೆಯಲ್ಲಿರುವುದನ್ನು ಹೇಳಬಹುದು. ದಾಖಲೆಯ ಹೊರಗಿನ ಸಾಕ್ಷ್ಯ, ನ್ಯಾಯಮೂರ್ತಿಗಳ ಮನೋಗತದ ಊಹೆ, ಗೆಲುವಿನ ಭವಿಷ್ಯ, ಎದುರು ಪಕ್ಷದವರ ಚಾರಿತ್ರ್ಯ ಇವುಗಳನ್ನು ಹೇಳಬಾರದು.

ಸುದ್ದಿಯ ಭಾಷೆ, ಆದೇಶದ ಭಾಷೆ

ನಮ್ಮ ಹಳ್ಳಿಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿರುವುದು ದುರುದ್ದೇಶದ ಸುದ್ದಿಯಲ್ಲ, ಅವಸರದ ಸುದ್ದಿ. ನ್ಯಾಯಾಲಯ ಸರ್ಕಾರಕ್ಕೆ ನೋಟಿಸ್ ಹೊರಡಿಸಿರುತ್ತದೆ, ಅಷ್ಟೆ. ನೋಟಿಸ್ ಎಂದರೆ "ಈ ಬಗ್ಗೆ ನಿಮ್ಮ ಉತ್ತರವೇನು" ಎಂದು ಕೇಳುವುದು. ಮರುದಿನ "ಯೋಜನೆಗೆ ಹೈಕೋರ್ಟ್ ತಡೆ" ಎಂಬ ಶೀರ್ಷಿಕೆ ಬರುತ್ತದೆ. ಊರಿನಲ್ಲಿ ಸಿಹಿ ಹಂಚುತ್ತಾರೆ. ಕಾವಲು ಕುಳಿತಿದ್ದವರು ಮನೆಗೆ ಹೋಗುತ್ತಾರೆ. ಮೂರನೆಯ ದಿನ ಯಂತ್ರಗಳು ಬೆಟ್ಟ ಹತ್ತುತ್ತವೆ. ಆಗ ಜನ ನ್ಯಾಯಾಲಯವನ್ನು ಬೈಯುತ್ತಾರೆ, ವಕೀಲರನ್ನು ಅನುಮಾನಿಸುತ್ತಾರೆ. ನ್ಯಾಯಾಲಯ ತಡೆಯನ್ನೇ ಕೊಟ್ಟಿರಲಿಲ್ಲ ಎಂದು ವಿವರಿಸುವ ಹೊತ್ತಿಗೆ ಮರಗಳು ನೆಲಕ್ಕೊರಗಿರುತ್ತವೆ.

ಆದ್ದರಿಂದ ಕೆಲವು ಶಬ್ದಗಳನ್ನು ಪ್ರತಿಯೊಂದು ಗ್ರಾಮ ಸಮಿತಿಯೂ ಕಲಿಯಬೇಕು. ಯಥಾಸ್ಥಿತಿ ಎಂದರೆ ಆದೇಶದ ದಿನ ಇದ್ದಂತೆಯೇ ಇರಲಿ ಎಂಬುದು. ಆ ದಿನ ಅರ್ಧ ರಸ್ತೆ ಆಗಿದ್ದರೆ ಆ ಅರ್ಧ ಉಳಿಯುತ್ತದೆ. ಮಧ್ಯಂತರ ತಡೆ ಎಂದರೆ ಮುಂದಿನ ಆದೇಶದವರೆಗೆ ಅಥವಾ ನಿಗದಿಯಾದ ದಿನಾಂಕದವರೆಗೆ ಮಾತ್ರ. ವಿಲೇವಾರಿ ಎಂದರೆ ಸೋಲೂ ಅಲ್ಲ, ಗೆಲುವೂ ಅಲ್ಲ. ಏನು ನಿರ್ದೇಶನ ಕೊಟ್ಟು ವಿಲೇವಾರಿ ಮಾಡಿದ್ದಾರೆಂದು ಓದಬೇಕು. ವಜಾ ಎಂದರೆ ಅರ್ಜಿ ತಿರಸ್ಕೃತವಾಗಿದೆ. ಆದರೆ ಮೇಲ್ಮನವಿಯ ದಾರಿ ಇದೆಯೇ ಎಂದು ವಕೀಲರನ್ನು ಕೇಳಬೇಕು.

ಕುದುರೆಮುಖದ ಉದಾಹರಣೆಯನ್ನು ನೋಡಿ. ನಿವೃತ್ತ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2002ರ ಅಕ್ಟೋಬರ್ 30ರಂದು. ಗಣಿಗಾರಿಕೆ ನಿಲ್ಲಬೇಕೆಂದು ತೀರ್ಪು ಹೇಳಿತು. ಆದರೆ ಕೊನೆಯ ಗಡುವು 2005ರ ಡಿಸೆಂಬರ್ 31. ತೀರ್ಪಿಗೂ ಗಡುವಿಗೂ ನಡುವೆ ಮೂರು ಮಳೆಗಾಲಗಳು. "ಕುದುರೆಮುಖ ಗಣಿಗಾರಿಕೆಗೆ ತೆರೆ" ಎಂಬ ಶೀರ್ಷಿಕೆಯನ್ನು ಮಾತ್ರ ಓದಿದವನಿಗೆ, 2003ರ ಮಳೆಗಾಲದಲ್ಲಿ ಭದ್ರೆ ಏಕೆ ಕೆಂಪಾಗಿ ಹರಿಯಬಹುದೆಂದು ತಿಳಿಯದು. ಆದೇಶದ ದಿನಾಂಕವನ್ನೂ ಅದು ಜಾರಿಯಾಗುವ ದಿನಾಂಕವನ್ನೂ ಒಟ್ಟಿಗೆ ತಿಳಿಸುವುದು ವಕೀಲರ ಕರ್ತವ್ಯ.

ನ್ಯಾಯಮೂರ್ತಿಗಳು ವಿಚಾರಣೆಯ ನಡುವೆ ಆಡುವ ಮಾತು ಇನ್ನೊಂದು ಬಲೆ. "ಕಾಡೆಲ್ಲ ಹೋದ ಮೇಲೆ ಯೋಜನೆ ಯಾರಿಗೆ?" ಎಂದು ನ್ಯಾಯಪೀಠ ಕೇಳಿತೆನ್ನಿ. ಅದು ಪ್ರಶ್ನೆ, ಎದುರು ವಕೀಲರನ್ನು ಪರೀಕ್ಷಿಸಲೆಂದೇ ಕೇಳಿರಬಹುದು. 2021ರ ಮೇ ತಿಂಗಳಲ್ಲಿ ಚುನಾವಣಾ ಆಯೋಗದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡು ಮಾತುಗಳನ್ನು ಸ್ಪಷ್ಟಪಡಿಸಿತು. ತೆರೆದ ನ್ಯಾಯಾಲಯದ ಮೌಖಿಕ ಮಾತುಗಳನ್ನು ವರದಿ ಮಾಡುವ ಸ್ವಾತಂತ್ರ್ಯ ಮಾಧ್ಯಮಕ್ಕಿದೆ. ಆದರೆ ಆ ಮಾತುಗಳು ತೀರ್ಪಿನ ಅಥವಾ ಆದೇಶದ ಭಾಗವಲ್ಲ. ವರದಿಗಾರರು ಬರೆಯಲಿ. ವಕೀಲರು ಮಾತ್ರ ಹೊರಗೆ ಬಂದು "ನ್ಯಾಯಾಲಯ ನಮ್ಮ ಪರ ಇದೆ" ಎನ್ನಬಾರದು. "ಲಿಖಿತ ಆದೇಶ ಬರಲಿ" ಎನ್ನಬೇಕು.

ಈಗ ನಮ್ಮ ಉಚ್ಚ ನ್ಯಾಯಾಲಯದ ಕಲಾಪವನ್ನು ಮನೆಯಲ್ಲಿಯೇ ಕುಳಿತು ನೋಡಬಹುದು. ಅದರ ನೇರ ಪ್ರಸಾರಕ್ಕೆ 2021ರ ನಿಯಮಗಳು ರಚನೆಯಾಗಿವೆ. ಘಟ್ಟದ ಮೇಲಿನ ರೈತನೊಬ್ಬ ತನ್ನ ಅರ್ಜಿಯ ವಿಚಾರಣೆಯನ್ನು ಜಗಲಿಯಲ್ಲಿ ಕುಳಿತು ನೋಡುವುದು ಸಣ್ಣ ಸಂಗತಿಯಲ್ಲ. ಆದರೆ ಅದನ್ನು ಅನುಮತಿಯಿಲ್ಲದೆ ಚಿತ್ರೀಕರಿಸಿಕೊಳ್ಳುವುದನ್ನೂ ಹಂಚುವುದನ್ನೂ ಅದೇ ನಿಯಮಗಳು ನಿಷೇಧಿಸುತ್ತವೆ. ಅರ್ಧ ನಿಮಿಷದ ತುಣುಕನ್ನು ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಉತ್ಸಾಹಿ ತರುಣರಿಗೆ ಇದನ್ನು ತಿಳಿಹೇಳಿ.

ಹೆಬ್ಬಾಳದ ಎರಡು ಪಾಠಗಳು

ನೀವು ದಾಟಿ ಬಂದ ಹೆಬ್ಬಾಳದಲ್ಲಿಯೇ ಎರಡು ಪಾಠಗಳಿವೆ. ಮೊದಲನೆಯದು ಕೆರೆಯದು. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ, ಅಗರ ಮುಂತಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಡಲು ಹೊರಟಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯವರು ಉಚ್ಚ ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ನ್ಯಾಯಾಲಯವು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಆ ಸಮಿತಿಯ ಶಿಫಾರಸುಗಳ ಮೇಲೆ 2012ರಲ್ಲಿ ಆದೇಶ ಬಂದಿತು. ನಾಲ್ಕು ವರ್ಷ! ಇಷ್ಟು ದೀರ್ಘ ಕಾಲ ಒಂದು ವಿಷಯವನ್ನು ಜನರ ನೆನಪಿನಲ್ಲಿ ಹೇಗೆ ಉಳಿಸುವುದು? ವ್ಯಾಜ್ಯದ ಬಗ್ಗೆ ದಿನವೂ ಹೇಳಿಕೆ ಕೊಟ್ಟರೆ ನ್ಯಾಯಾಲಯಕ್ಕೆ ಬೇಸರ. ಏನೂ ಹೇಳದಿದ್ದರೆ ಜನರಿಗೆ ಮರೆವು. ದಾರಿ ಒಂದಿದೆ. ವ್ಯಾಜ್ಯದ ಬಗ್ಗೆ ಮಿತವಾಗಿ ಮಾತನಾಡಬೇಕು. ಕೆರೆಯ ಬಗ್ಗೆ ಧಾರಾಳವಾಗಿ ಮಾತನಾಡಬಹುದು. ಯಾವ ಹಕ್ಕಿ ಬಂತು, ಯಾವ ರಾಜಕಾಲುವೆಯಿಂದ ಕೊಳಚೆ ಸೇರುತ್ತಿದೆ, ಮೀನುಗಾರರೂ ದನ ಮೇಯಿಸುವವರೂ ಏನು ಕಳೆದುಕೊಂಡರು ಎಂಬುದನ್ನು ಹೇಳಲು ವಕೀಲರೇ ಬೇಕಿಲ್ಲ. ದಂಡೆಯ ಮೇಲೆ ಬದುಕುವವರು ಹೇಳಬಹುದು.

ಎರಡನೆಯ ಪಾಠ ಉಕ್ಕಿನ ಮೇಲ್ಸೇತುವೆಯದು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 1,791 ಕೋಟಿ ರೂಪಾಯಿ ವೆಚ್ಚದಲ್ಲಿ ಉಕ್ಕಿನ ಸೇತುವೆ ಕಟ್ಟುವ ಪ್ರಸ್ತಾಪ ಬಂದಿತು. ಅದಕ್ಕಾಗಿ 812 ಮರಗಳು ಹೋಗಲಿದ್ದವು. ಆ ವರ್ಷ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ರಸ್ತೆಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಮಧ್ಯಂತರ ತಡೆ ಕೊಟ್ಟಿತು. 2017ರ ಮಾರ್ಚ್ 2ರಂದು ಸರ್ಕಾರವೇ ಯೋಜನೆಯನ್ನು ಕೈಬಿಟ್ಟಿತು. ಇಲ್ಲಿ ಗಮನಿಸಬೇಕಾದ್ದು, ಯೋಜನೆ ನಿಂತದ್ದು ಅಂತಿಮ ತೀರ್ಪಿನಿಂದಲ್ಲ. ತಡೆಯಾಜ್ಞೆ ಸಮಯ ಕೊಟ್ಟಿತು. ಆ ಸಮಯದಲ್ಲಿ ಜನಾಭಿಪ್ರಾಯ ತನ್ನ ಕೆಲಸ ಮಾಡಿತು. ಬೀದಿ ಮತ್ತು ನ್ಯಾಯಾಲಯ ಒಂದನ್ನೊಂದು ತುಳಿಯದೆ ಜೊತೆಯಲ್ಲಿ ನಡೆಯಬಲ್ಲವು ಎಂಬುದಕ್ಕೆ ಇದು ನಿದರ್ಶನ.

ನಮ್ಮ ಹಿರಿಯರಿಗೂ ಇದು ಹೊಸತಾಗಿರಲಿಲ್ಲ. ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಕೊಟ್ಟಾಗ, ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1987ರಲ್ಲಿ ತಡೆ ಪಡೆದರು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಕಂಪನಿಯನ್ನೇ ಮುಚ್ಚಲಾಯಿತು. ಸತ್ಯಾಗ್ರಹಿಗಳು ಮಾತನಾಡಿದ್ದು ಭೂಮಿಯ ಬಗ್ಗೆ. ನ್ಯಾಯಮೂರ್ತಿಗಳು ಹೇಗೆ ತೀರ್ಪು ಕೊಡಬೇಕೆಂಬುದರ ಬಗ್ಗೆ ಅಲ್ಲ.

ಗೆರೆ ದಾಟಿದಾಗ

ಗೆರೆ ಎಲ್ಲಿದೆ ಎಂಬುದು ಯಾವಾಗಲೂ ಸ್ಪಷ್ಟವಿರುವುದಿಲ್ಲ. ನರ್ಮದಾ ಪ್ರಕರಣ ಬಾಕಿಯಿದ್ದಾಗ ಹೊರಬಂದ ಬರಹಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ಅಸಮಾಧಾನ ಸೂಚಿಸಿತ್ತು. 2000ದ ತೀರ್ಪಿನ ನಂತರ ನಡೆದ ಪ್ರತಿಭಟನೆಯ ಬಗ್ಗೆ ನಿಂದನಾ ಅರ್ಜಿ ದಾಖಲಾಯಿತು. ಆ ಅರ್ಜಿ ನಿಲ್ಲಲಿಲ್ಲ. ಆದರೆ ಅದಕ್ಕೆ ಉತ್ತರವಾಗಿ ಲೇಖಕಿ ಅರುಂಧತಿ ರಾಯ್ ಅವರು ಸಲ್ಲಿಸಿದ ಪ್ರಮಾಣಪತ್ರದ ಮಾತುಗಳಿಗಾಗಿ 2002ರ ಮಾರ್ಚ್‌ನಲ್ಲಿ ಅವರಿಗೆ ಒಂದು ದಿನದ ಸಾಂಕೇತಿಕ ಸೆರೆವಾಸ ಮತ್ತು 2,000 ರೂಪಾಯಿ ದಂಡ ವಿಧಿಸಲಾಯಿತು. ಆ ತೀರ್ಪು ಸರಿಯೇ ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ, ನನಗೂ ಇದೆ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಆ ತಿಂಗಳುಗಳಲ್ಲಿ ದೇಶದ ಪತ್ರಿಕೆಗಳು ಚರ್ಚಿಸಿದ್ದು ನಿಂದನೆಯನ್ನು. ಮುಳುಗುತ್ತಿದ್ದ ಹಳ್ಳಿಗಳು ಎಷ್ಟು ಸಾಲು ಪಡೆದವು? ಪ್ರಸಿದ್ಧ ಲೇಖಕರಿಗೆ ಒಂದು ದಿನದ ಸೆರೆ ಸಾಂಕೇತಿಕವಾಗಬಹುದು. ಹೆಸರಿಲ್ಲದ ಗ್ರಾಮಸ್ಥನಿಗೆ ಅದು ಸಾಂಕೇತಿಕವಲ್ಲ. ನಾವು ಧೈರ್ಯ ತೋರುವಾಗ ಬೆಲೆ ತೆರುವವರು ಯಾರು ಎಂಬುದನ್ನು ಲೆಕ್ಕ ಹಾಕಬೇಕು.

ವಕೀಲರಿಗೂ ಪತ್ರಕರ್ತರಿಗೂ ನಡುವಣ ಸಂಬಂಧ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2012ರ ಮಾರ್ಚ್ 2ರಂದು ಕಂಡಿತು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಮಾಜಿ ಸಚಿವರೊಬ್ಬರನ್ನು ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹಾಜರುಪಡಿಸಿದ ದಿನ, ವಕೀಲರು, ಪತ್ರಕರ್ತರು ಮತ್ತು ಪೊಲೀಸರ ನಡುವೆ ಆವರಣದಲ್ಲಿಯೇ ಘರ್ಷಣೆ ನಡೆಯಿತು. ಅಂದು ಬಳ್ಳಾರಿಯ ಕೆಂಪು ಧೂಳಿನ ಸುದ್ದಿ ಹಿಂದೆ ಸರಿಯಿತು; ಕಲ್ಲು ತೂರಾಟದ ಸುದ್ದಿ ಮುಂದೆ ಬಂದಿತು.

ಕಾಸರಗೋಡಿನ ಪಾಠ

ವಿಜ್ಞಾನಿಗಳಿಗೂ ವಕೀಲರಿಗೂ ಪತ್ರಕರ್ತರಿಗೂ ಒಟ್ಟಿಗೆ ಪಾಠ ಹೇಳುವ ಊರೆಂದರೆ ಗಡಿಯಾಚೆಯ ನಮ್ಮ ಪಡ್ರೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ತೋಟಗಾರಿಕಾ ನಿಗಮವು ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಊರಿನ ವೈದ್ಯ ಡಾ. ಮೋಹನ್ ಕುಮಾರ್ ರೋಗಗಳ ಪಟ್ಟಿ ಮಾಡಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ವೈಮಾನಿಕ ಸಿಂಪಡಣೆಗೆ ತಡೆ ಪಡೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ಮಾದರಿಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಅದನ್ನು ಅಲ್ಲಗಳೆಯುವ ಅಧ್ಯಯನವೂ ಬಂದಿತು. ವರ್ಷಗಟ್ಟಲೆ ಅಂಕಿಗಳ ಯುದ್ಧ ನಡೆಯಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ ಮತ್ತು ಮಾರಾಟವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಮೊದಲ ತಡೆಯಿಂದ ಕೊನೆಯ ಆದೇಶದವರೆಗೆ 19 ವರ್ಷ. ಅಷ್ಟು ದಿನ ಉಳಿದದ್ದು ಯಾವುದು? ತಾಳ್ಮೆಯಿಂದ ಬರೆದಿಟ್ಟ ದಾಖಲೆ. ಆವೇಶದ ಹೇಳಿಕೆಗಳು ಮರುದಿನವೇ ಹಳತಾದವು. ಅಲ್ಲಿಯ ಇನ್ನೊಂದು ಪಾಠ ಘನತೆಯದು. ರೋಗಗ್ರಸ್ತ ಮಗುವಿನ ಚಿತ್ರ ದೇಶವನ್ನು ಎಚ್ಚರಿಸಬಲ್ಲದು ನಿಜ. ಆದರೆ ಆ ಮಗುವಿನ ವೈದ್ಯಕೀಯ ಕಾಗದ ವಕೀಲರ ಕಡತದಲ್ಲಿರುವುದು ನ್ಯಾಯಾಲಯಕ್ಕಾಗಿ. ತಾಯಿತಂದೆಯರು ತಿಳಿದು ಒಪ್ಪದೆ ಅದು ವರದಿಗಾರರ ಕೈ ಸೇರಬಾರದು.

ನಾವು ಮಾಡಬಹುದಾದದ್ದು

ಈಗ ಅನುಷ್ಠಾನದ ಮಾತು. ಮಲೆನಾಡಿನಲ್ಲಿ ಶರಾವತಿ ಭೂಗತ ವಿದ್ಯುತ್ ಯೋಜನೆ, ಬೇಡ್ತಿ ವರದಾ ಜೋಡಣೆಗಳ ಚರ್ಚೆ ನಡೆದಿದೆ. ನಿಮ್ಮಲ್ಲಿ ಹಲವರು ಇಂದಲ್ಲ ನಾಳೆ ಅರ್ಜಿದಾರರಾಗುತ್ತೀರಿ. ವಿದ್ಯಾರ್ಥಿಗಳಲ್ಲಿ ಹಲವರು ಅವರ ವಕೀಲರಾಗುತ್ತೀರಿ. ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಒಂದು, ಅರ್ಜಿ ಸಲ್ಲಿಸುವ ಮೊದಲೇ ಯಾರು ಮಾತನಾಡಬೇಕೆಂದು ನಿಶ್ಚಯಿಸಿ. ಊರಿನ ಸಮಿತಿಯಿಂದ ಒಬ್ಬರು ಸಾಕು. ಅದು ವಕೀಲರಾಗದಿರುವುದೇ ಒಳಿತು. ಆದೇಶದ ಅರ್ಥವನ್ನು ವಿವರಿಸಲು ಮಾತ್ರ, ಕಕ್ಷಿದಾರರ ಒಪ್ಪಿಗೆ ಪಡೆದು, ವಕೀಲರು ಮಾತನಾಡಲಿ.

ಎರಡು, ಕರೆ ಬಂದೊಡನೆ ಉತ್ತರಿಸಬೇಡಿ. ಯಾವ ಪತ್ರಿಕೆ, ಏನು ವಿಷಯ, ಎಷ್ಟು ಹೊತ್ತಿಗೆ ಬೇಕು ಎಂದು ಕೇಳಿ, ಅಷ್ಟರೊಳಗೆ ಖಂಡಿತ ಮರಳಿ ಕರೆ ಮಾಡಿ. ಪತ್ರಕರ್ತರ ಗಡುವನ್ನು ಗೌರವಿಸದವರು ಅವರ ತಪ್ಪನ್ನು ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಮೂರು, ಬಾಯಿಮಾತಿಗಿಂತ ಒಂದು ಪುಟದ ಬರಹ ಮೇಲು. ಪ್ರಕರಣದ ಸಂಖ್ಯೆ, ಕೋರಿಕೆ, ಆದೇಶದ ದಿನಾಂಕ, ಆದೇಶದ ತಿರುಳು, ಮುಂದಿನ ದಿನಾಂಕ ಇವು ಕನ್ನಡದಲ್ಲಿರಲಿ. ಜೊತೆಗೆ ಆದೇಶದ ಪ್ರತಿ ಇರಲಿ. ತಾಲ್ಲೂಕಿನ ವರದಿಗಾರರಿಗೆ ಇಂಗ್ಲಿಷಿನ ಹತ್ತು ಪುಟದ ಆದೇಶ ಓದಿ ಅರ್ಥೈಸಲು ಅರ್ಧ ಗಂಟೆಯೂ ಸಿಗುವುದಿಲ್ಲ. ಅವರ ತಪ್ಪುಗಳಲ್ಲಿ ಬಹುಪಾಲು ನಾವು ಕೊಡದ ಆ ಒಂದು ಪುಟದಿಂದ ಹುಟ್ಟುತ್ತವೆ.

ನಾಲ್ಕು, "ಹೆಸರು ಹಾಕಬೇಡಿ" ಎಂಬ ಒಪ್ಪಂದ ಮಾತಿನ ಮೊದಲು ಆಗಬೇಕು. ಹೇಳಿ ಮುಗಿಸಿದ ಮೇಲೆ ಅದಕ್ಕೆ ಅರ್ಥವಿಲ್ಲ. ಪತ್ರಿಕೆಗೆ ಹೇಳುವ ಪ್ರತಿಯೊಂದು ವಾಕ್ಯವೂ ಪ್ರಮಾಣಪತ್ರದಲ್ಲಿ ಬರೆಯಬಹುದಾದ ವಾಕ್ಯವೇ ಎಂದು ತೂಗಿ ನೋಡಿ. ಪತ್ರಿಕಾ ವರದಿ ತಾನೇ ಪುರಾವೆಯಲ್ಲ, ಅದು ಕೇಳಿಕೆಯ ಮಾತು ಎಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಹೇಳಿದೆ. ಆದರೆ ನೀವು ಆಡಿದ್ದು ನಿಜವಾದರೆ ನೀವೇ ಅದನ್ನು ಅಲ್ಲಗಳೆಯಲಾರಿರಿ. ನನಗೆ ಆದದ್ದು ಅದೇ.

ಐದು, ತಜ್ಞರು ತಮ್ಮ ವರದಿ ನ್ಯಾಯಾಲಯಕ್ಕೆ ಸಲ್ಲಿಕೆಯಾಗುವವರೆಗೆ ಅಂಕಿಗಳನ್ನು ಹೊರಗೆ ಹೇಳಬಾರದು. "ಅಧ್ಯಯನ ನಡೆಯುತ್ತಿದೆ, ಮುಗಿದ ಮೇಲೆ ದಾಖಲೆಯಲ್ಲಿ ಬರುತ್ತದೆ" ಎಂಬ ಉತ್ತರ ಸಪ್ಪೆ ಎನಿಸಬಹುದು. ಆ ಸಪ್ಪೆ ಉತ್ತರವನ್ನು ಅಂದು ಕೊಟ್ಟಿದ್ದರೆ ಎರಡು ತೋಟಗಳು ಉಳಿಯುತ್ತಿದ್ದವೇನೋ.

ಆರು, ತಪ್ಪು ಸುದ್ದಿ ಬಂದರೆ ಕೋಪದ ಕರೆ ಮಾಡಬೇಡಿ. ಅದೇ ದಿನ ಸಂಪಾದಕರಿಗೆ ನಾಲ್ಕು ಸಾಲಿನ ತಿದ್ದುಪಡಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಊರಿನ ಸಹಕಾರ ಸಂಘದ ಹಲಗೆಯ ಮೇಲೆ ಸರಿಯಾದ ಆದೇಶವನ್ನು ಅಂಟಿಸಿ. ಸುದ್ದಿ ನಮ್ಮ ಪರವಾಗಿ ತಪ್ಪಾಗಿದ್ದರೂ ತಿದ್ದಬೇಕು. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ನೋಟಿಸನ್ನು ತಡೆಯೆಂದು ಬರೆದಾಗ ಸುಮ್ಮನಿದ್ದು, ಮುಂದೆ ನಮಗೆ ವಿರುದ್ಧವಾದ ತಪ್ಪನ್ನು ಮಾತ್ರ ಎತ್ತಿ ತೋರಿಸಿದರೆ ನಮ್ಮ ಮಾತಿಗೆ ಬೆಲೆಯಿರದು.

ಒಂದು ಆಕ್ಷೇಪಕ್ಕೆ ಉತ್ತರಿಸಿ ಮುಗಿಸುತ್ತೇನೆ. ನಿನ್ನೆ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಕಂಪನಿಗಳಿಗೆ ಪ್ರಚಾರ ವಿಭಾಗಗಳಿವೆ, ಇಡೀ ಪುಟದ ಜಾಹೀರಾತಿಗೆ ಹಣವಿದೆ. ಹಳ್ಳಿಯವರಿಗೆ ಇರುವುದು ಬಾಯಿ ಮಾತ್ರ. ಅದನ್ನೂ ಕಟ್ಟಿ ಎನ್ನುತ್ತೀರಾ?" ನ್ಯಾಯವಾದ ಪ್ರಶ್ನೆ. ನಾನು ಬಾಯಿ ಕಟ್ಟಿ ಎನ್ನುತ್ತಿಲ್ಲ. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳನ್ನು ಪ್ರಚಾರದ ಅರ್ಜಿಗಳೆಂದು ಹೀಗಳೆಯುವ ಮಾತು ನ್ಯಾಯಾಲಯಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅರ್ಜಿದಾರರ ಪ್ರಾಮಾಣಿಕತೆಯನ್ನು ಮೊದಲು ಪರೀಕ್ಷಿಸಬೇಕೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮಾರ್ಗಸೂಚಿ ನೀಡಿದೆ. ಹಣವಂತರ ಒಂದು ಉತ್ಪ್ರೇಕ್ಷೆ ಅವರಿಗೆ ಏನೂ ಮಾಡದು. ಬಡವರ ಒಂದು ಉತ್ಪ್ರೇಕ್ಷೆ ಅವರ ಇಡೀ ಅರ್ಜಿಯನ್ನು ಮುಳುಗಿಸಬಹುದು. ಇದು ಅನ್ಯಾಯ. ಆದರೆ ನಾವು ನಿಂತಿರುವ ನೆಲ ಇದೇ. ನಮ್ಮ ಬಳಿ ಇರುವ ಬಂಡವಾಳ ನಂಬಿಕೆಯೊಂದೇ. ಅದನ್ನು ಒಂದು ದಿನದ ಶೀರ್ಷಿಕೆಗಾಗಿ ಖರ್ಚು ಮಾಡಬಾರದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆ ಹಳ್ಳದ ಕೆಳಗಿನ ಹಿರಿಯರ ಮನೆಗೆ ನಾನು ಈಗಲೂ ವರ್ಷಕ್ಕೊಮ್ಮೆ ಹೋಗುತ್ತೇನೆ. ಹೂಳು ತೆಗೆದ ಕಾಲುವೆಯ ಪಕ್ಕದಲ್ಲಿ ಹೊಸ ಅಡಿಕೆ ಸಸಿಗಳನ್ನು ನೆಟ್ಟಿದ್ದಾರೆ. ಅವು ಫಲಕ್ಕೆ ಬರಲು ಇನ್ನೂ ಕೆಲವು ವರ್ಷ ಬೇಕು. ಈ ಬಾರಿ ಊರಿಗೆ ಮರಳಿದಾಗ, ನನ್ನ ತಪ್ಪನ್ನು ಬೆಂಗಳೂರಿನಲ್ಲಿ ಇಷ್ಟು ಜನರ ಮುಂದೆ ಹೇಳಿ ಬಂದೆ ಎಂದು ಅವರಿಗೆ ತಿಳಿಸುತ್ತೇನೆ.